ಮಂಗಳೂರಿನ ಹಳೆಯ ಧಕ್ಕೆ

ಮಂಗಳೂರಿನ ನಡುಪೇಟೆಯಲ್ಲಿ ಎದ್ದು ನಿಂತಿರುವ ಗುಡ್ಡಕ್ಕೆ ದೀಪಸ್ತಂಭದ ಗುಡ್ಡವೆಂದು ಒಂದು ಹೆಸರು. ಊರ ಹಿರಿಯರ ಬಾಯಲ್ಲಿ ಅದು ಬಾವುಟಗುಡ್ಡೆ. ಎರಡು ಹೆಸರುಗಳೂ ಒಂದೇ ಸಂಗತಿಯನ್ನು ಹೇಳುತ್ತವೆ. ಅಲ್ಲಿ ಬಾವುಟವನ್ನೂ ದೀಪವನ್ನೂ ಎತ್ತಿ ತೋರಿಸುತ್ತಿದ್ದುದು ಊರಿನ ಜನರಿಗಲ್ಲ, ಕಡಲಿನವರಿಗೆ. ಇಂದು ಆ ಗುಡ್ಡದ ಮೇಲೆ ಓಡಾಡುವ ಸಾವಿರಾರು ಮಂದಿ ವಿದ್ಯಾರ್ಥಿಗಳೂ ಉದ್ಯೋಗಸ್ಥರೂ ಪಡುವಣಕ್ಕೆ ಕಣ್ಣೆತ್ತಿ ನೋಡುವುದೇ ಅಪೂರ್ವ. ನೋಡಿದರೂ ತೆಂಗಿನ ತಲೆಗಳ ನಡುವೆ ಒಂದು ಹೊಳೆಯ ಗೆರೆ, ಅದರಾಚೆ ಒಂದು ಮರಳಿನ ಗೆರೆ, ಅದಕ್ಕೂ ಆಚೆ ಕಡಲು — ಇಷ್ಟು ಕಾಣಬಹುದು. ಈ ಹೊಳೆಯ ಗೆರೆಗೂ ಗುಡ್ಡಕ್ಕೂ ನಡುವಣ ತಗ್ಗಿನಲ್ಲಿರುವ ಕೇರಿಯೇ ಬಂದರು. ಅದರ ಅಂಚೇ ಧಕ್ಕೆ. ಎಂಟುನೂರು ವರ್ಷಗಳಿಗೂ ಮೇಲ್ಪಟ್ಟು ಈ ಊರಿಗೆ ಅನ್ನವನ್ನೂ ಹೆಸರನ್ನೂ ತಂದುಕೊಟ್ಟ ಸ್ಥಳವು ಅದು. ಅದರ ಏಳುಬೀಳುಗಳನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕ ಮಹಾಶಯರ ಮುಂದಿಡುವುದು ಈ ಲೇಖನದ ಉದ್ದೇಶ.

ಧಕ್ಕೆಯ ವ್ಯಾಪಾರವು ಇಳಿದುಹೋದುದೇಕೆಂದು ಯಾರನ್ನಾದರೂ ಕೇಳಿದರೆ, “ಪಣಂಬೂರಿನಲ್ಲಿ ಹೊಸ ಬಂದರು ಆಯಿತಲ್ಲ, ಅದರಿಂದ” ಎಂಬ ಉತ್ತರವು ಸಿದ್ಧವಾಗಿರುತ್ತದೆ. ಉತ್ತರವು ಸುಳ್ಳಲ್ಲ, ಆದರೆ ಪೂರ್ತಿಯಾದುದೂ ಅಲ್ಲ. ಹಳೆಯ ಬಂದರಿನ ಹುಟ್ಟಿನಲ್ಲಿಯೇ ಒಂದು ಕೊರತೆಯಿದ್ದಿತು. ಆ ಕೊರತೆಯೇ ಬಹುಕಾಲ ಸಹಸ್ರಾರು ಕುಟುಂಬಗಳ ಜೀವನಾಧಾರವಾಗಿಯೂ ಇದ್ದಿತು. ಕೊರತೆಯನ್ನು ನೀಗಿಸಹೊರಟಾಗ ಜೀವನಾಧಾರವೂ ಅದರೊಡನೆ ಹೋಯಿತು. ಇದನ್ನು ತಿಳಿಯಬೇಕಾದರೆ ಮೊದಲು ನೆಲದ ಸ್ವರೂಪವನ್ನು ಸ್ವಲ್ಪ ಗಮನಿಸಬೇಕು.

ಮಂಗಳೂರು ಎರಡು ಹೊಳೆಗಳ ಊರು. ಘಟ್ಟದಿಂದಿಳಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಪಾಣೆಮಂಗಳೂರು ಬಂಟವಾಳಗಳ ನಡುವೆ ಹರಿದುಬರುವ ನೇತ್ರಾವತಿಯು ತೆಂಕಣದಿಂದ. ಫಲ್ಗುಣಿಯೆಂದು ಪುರಾಣಜ್ಞರು ಕರೆಯುವ ಗುರುಪುರದ ಹೊಳೆಯು ಬಡಗಣದಿಂದ. ಈ ಎರಡನೆಯದು ಕಡಲಿನ ಹತ್ತಿರಕ್ಕೆ ಬಂದರೂ ನೇರಾಗಿ ಕಡಲನ್ನು ಸೇರದೆ, ದಡಕ್ಕೆ ಸಮಾನಾಂತರವಾಗಿ ತೆಂಕಮುಖವಾಗಿ ಹರಿದು ನೇತ್ರಾವತಿಯೊಡನೆ ಒಂದೇ ಅಳಿವೆಯಲ್ಲಿ ಬಂದು ಬೀಳುತ್ತದೆ. ಹೊಳೆಗೂ ಕಡಲಿಗೂ ನಡುವೆ ಉಳಿದ ಮರಳಿನ ನಾಲಗೆಯೇ ಬೆಂಗ್ರೆ. ಬೆಂಗ್ರೆಯು ಗೋಡೆಯಂತೆ ಅಡ್ಡನಿಂತು ತೆರೆಗಳನ್ನು ತಡೆಯುವುದರಿಂದ ಒಳಗಿನ ನೀರು ಕೊಳದಂತೆ ಶಾಂತ. ದೋಣಿಗಳು ತಂಗುವುದಕ್ಕೆ ಇದಕ್ಕಿಂತ ಸುಖವಾದ ಎಡೆಯು ಈ ಕರಾವಳಿಯಲ್ಲಿ ವಿರಳ. ಆದರೆ ಎರಡು ಹೊಳೆಗಳೂ ಮಳೆಗಾಲದಲ್ಲಿ ಹೊತ್ತುತಂದ ಮಣ್ಣೂ ಮರಳೂ ಅಳಿವೆಯ ಬಾಯಲ್ಲಿ ದಿಬ್ಬವಾಗಿ ಕೂಡುತ್ತವೆ. ಕಡಲು ಅದನ್ನು ಹಿಂದಕ್ಕೆ ತಳ್ಳುತ್ತದೆ. ದಿಬ್ಬವು ಒಂದು ವರ್ಷ ಇದ್ದಲ್ಲಿ ಮರುವರ್ಷ ಇರುವುದಿಲ್ಲ. ಆಳವಾದ ಹಡಗು ಈ ಬಾಯೊಳಗೆ ನುಗ್ಗಲಾರದು. ಬಾಗಿಲು ಕಿರಿದಾದ ದೊಡ್ಡ ಮನೆಯಂತೆ ಮಂಗಳೂರಿನ ಬಂದರು.

ಈ ಕಿರಿದಾದ ಬಾಗಿಲಿನಿಂದಲೇ ಪ್ರಾಚೀನರು ತೃಪ್ತರಾಗಿದ್ದರು. ಅವರ ಹಡಗುಗಳೂ ಕಿರಿದಾದುವೇ. ಕ್ರಿ. ಶ. 6ನೆಯ ಶತಮಾನದಲ್ಲಿ ಕಾಸ್ಮಸ್ ಎಂಬ ಗ್ರೀಕ್ ಗ್ರಂಥಕಾರನು ಪಶ್ಚಿಮ ಕರಾವಳಿಯಿಂದ ಮೆಣಸು ಹೊರಡುವ ಐದು ರೇವುಗಳನ್ನು ಎಣಿಸುವಲ್ಲಿ ‘ಮಂಗರೂತ್’ ಎಂಬುದನ್ನೂ ಸೇರಿಸಿದ್ದಾನೆ. ಆದರೆ ಧಕ್ಕೆಯ ದಿನಚರಿಯೇ ಕಣ್ಣಿಗೆ ಕಟ್ಟುವಂತೆ ಸಿಕ್ಕುವುದು 12ನೆಯ ಶತಮಾನದಲ್ಲಿ. ಅದೂ ನಮ್ಮ ಶಾಸನಗಳಿಂದಲ್ಲ, ಈಜಿಪ್ತಿನ ಕೈರೋ ಪಟ್ಟಣದ ಒಂದು ಯೆಹೂದ್ಯ ಪ್ರಾರ್ಥನಾಮಂದಿರದ ಕೊಠಡಿಯಲ್ಲಿ ಶತಮಾನಗಳ ಕಾಲ ರಾಶಿಬಿದ್ದಿದ್ದ ಹಳೆಯ ಕಾಗದಗಳಿಂದ. ಟ್ಯುನಿಸಿಯದ ಮಹದಿಯಾ ಊರಿನ ಅಬ್ರಹಾಂ ಬೆನ್ ಯಿಜೂ ಎಂಬ ವರ್ತಕನು 1132ರ ವೇಳೆಗೆ ಮಂಗಳೂರಿಗೆ ಬಂದು, 1149ರಲ್ಲಿ ಏಡನ್ನಿಗೆ ಹಿಂದಿರುಗುವವರೆಗೆ ಈ ಕರಾವಳಿಯಲ್ಲಿಯೇ ನೆಲಸಿದ್ದನು. ಇಲ್ಲಿ ಕಂಚಿನ ಪಾತ್ರೆಗಳನ್ನು ಎರಕಹೊಯ್ಯಿಸುವ ಕಾರಖಾನೆಯನ್ನಿಟ್ಟಿದ್ದನು. ಏಡನ್ನಿನ ಅವನ ಪಾಲುಗಾರನು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಕಳುಹಿಸುವನು. ಇಲ್ಲಿಂದ ಹೊಸ ಪಾತ್ರೆ, ಮೆಣಸು, ಅಡಕೆ, ಕಬ್ಬಿಣ ಹೊರಡುವುವು. ಸರಕಿನೊಡನೆ ಮನೆಬಳಕೆಗೆ ಕಾಗದ, ಸಕ್ಕರೆ, ಒಣದ್ರಾಕ್ಷಿಗಳೂ ಬರುವುವು. ಯಜಮಾನನ ಪರವಾಗಿ ಸರಕಿನೊಡನೆ ಏಡನ್ನಿಗೆ ಹೋಗಿಬರುತ್ತಿದ್ದ ಊಳಿಗದವನೊಬ್ಬನ ಹೆಸರು ಆ ಪತ್ರಗಳಲ್ಲಿದೆ. ಅದನ್ನು ‘ಬೊಮ್ಮ’ ಎಂದು ಓದಿದ್ದಾರೆ. ರಾಜರ ಬಿರುದಾವಳಿಗಳಿಂದ ತುಂಬಿದ ನಮ್ಮ ಚರಿತ್ರೆಯಲ್ಲಿ ಧಕ್ಕೆಯ ಕೆಲಸಗಾರನೊಬ್ಬನ ಹೆಸರು ಉಳಿದುಬಂದುದು ಪರದೇಶದ ಹರಕು ಕಾಗದಗಳ ಕೃಪೆಯಿಂದ! ನಮ್ಮವರು ಲೆಕ್ಕವನ್ನು ಓಲೆಯ ಮೇಲೆ ಬರೆದರು, ಓಲೆಯನ್ನು ಗೆದ್ದಲು ತಿಂದಿತು.

ಇನ್ನೂರು ವರ್ಷಗಳ ಮೇಲೆ, 1342ರ ಸುಮಾರಿಗೆ ಬಂದ ಇಬ್ನ್ ಬತೂತನು ಮಂಗಳೂರಿನ ರೇವನ್ನು ಈ ದೇಶದ ಹಿರಿಯ ರೇವುಗಳಲ್ಲೊಂದೆಂದು ವರ್ಣಿಸಿದ್ದಾನೆ. ಪಾರಸೀಕದಿಂದಲೂ ಯೆಮನಿನಿಂದಲೂ ಬಂದ ವರ್ತಕರು ಇಲ್ಲಿಳಿಯುತ್ತಿದ್ದರು. ಮೆಣಸೂ ಶುಂಠಿಯೂ ಹೇರಳವಾಗಿದ್ದವು. ಸುಮಾರು 4000 ಮಂದಿ ಮುಸಲ್ಮಾನರು ಊರಿನ ಹೊರಕೇರಿಯಲ್ಲಿದ್ದರು. ಅವರಿಗೂ ಊರವರಿಗೂ ಆಗಾಗ ಜಗಳಗಳಾಗುತ್ತಿದ್ದವೆಂದೂ, ವರ್ತಕರಿಲ್ಲದೆ ತನಗೆ ನಡೆಯದೆಂಬುದನ್ನು ಅರಿತ ಅರಸನು ನಡುವೆ ಬಂದು ರಾಜಿ ಮಾಡಿಸುತ್ತಿದ್ದನೆಂದೂ ಅವನು ಹೇಳುತ್ತಾನೆ. ಈ ಒಂದು ವಾಕ್ಯದಲ್ಲಿ ಬಂದರಿನ ರಾಜನೀತಿಯೆಲ್ಲವೂ ಅಡಗಿದೆ. ಸುಂಕವು ಬರಬೇಕಾದರೆ ಹಡಗು ಬರಬೇಕು; ಹಡಗು ಬರಬೇಕಾದರೆ ಅನ್ಯದೇಶೀಯನಿಗೆ ಊರಿನಲ್ಲಿ ನಿರ್ಭಯವಾದ ಎಡೆ ಇರಬೇಕು. ಬಂದರಿನ ಕೇರಿಯಲ್ಲಿ ಜೈನರ, ಕೊಂಕಣಿಗರ, ಬ್ಯಾರಿಗಳ, ಕ್ರೈಸ್ತರ, ಕಚ್ಛೀ ಮೇಮನರ, ಗುಜರಾತಿಗಳ ವ್ಯವಹಾರಗಳೆಲ್ಲ ಒಂದೇ ಬೀದಿಯಲ್ಲಿ ಬೆಳೆದುಬಂದುದಕ್ಕೆ ಮೂಲವು ಈ ಹಳೆಯ ನೀತಿಯೇ ಎಂದು ತೋರುತ್ತದೆ.

ಪೋರ್ತುಗೀಜರು ಬಂದ ಬಳಿಕ ಕಡಲಿನ ಮೇಲೆ ಪರವಾನಗಿಯ ಕಾಲವು ಮೊದಲಾಯಿತು. ಅವರ ಚೀಟಿಯಿಲ್ಲದ ಹಡಗು ಅವರ ಕೈಗೆ ಸಿಕ್ಕಿದರೆ ಸುಲಿಗೆಯೇ. 1568ರಲ್ಲಿ ಅವರು ಮಂಗಳೂರನ್ನು ಹಿಡಿದು ಕೋಟೆಯನ್ನು ಕಟ್ಟಿದರು. ಮೆಣಸಿನ ಆಸೆಯಿಂದ ಬಂದವರೆಂದು ಅವರನ್ನು ಕುರಿತು ಶಾಲೆಯ ಪುಸ್ತಕಗಳು ಹೇಳುವುವು. ಆದರೆ ಕನ್ನಡ ಜಿಲ್ಲೆಯ ರೇವುಗಳ ಮೇಲೆ ಅವರು ಪ್ರಾಣವಿಟ್ಟುದು ಮೆಣಸಿಗೆ ಎಷ್ಟೋ, ಅಕ್ಕಿಗೂ ಅಷ್ಟೇ. ಗೋವೆಯ ಅಡುಗೆಮನೆಗೆ ಅಕ್ಕಿಯು ಹೋಗುತ್ತಿದ್ದುದು ಮಂಗಳೂರು, ಬಸರೂರು, ಹೊನ್ನಾವರಗಳಿಂದ. ಇದನ್ನು ಚೆನ್ನಾಗಿ ಬಲ್ಲವರು ಕೆಳದಿಯ ನಾಯಕರು. ಶಿವಪ್ಪನಾಯಕನು 1650ರ ದಶಕದ ಮೊದಲಿನಲ್ಲಿ ಈ ಮೂರು ಕಡೆಗಳಿಂದಲೂ ಪೋರ್ತುಗೀಜರನ್ನು ಓಡಿಸಿದನು. ಮುಂದೆ ಅದೇ ಕೆಳದಿಯವರೇ ಅವರಿಗೆ ಮಂಗಳೂರಿನಲ್ಲಿ ಕೋಠಿಯನ್ನಿಡಲು ಒಪ್ಪಿಕೊಟ್ಟರು. ಅಕ್ಕಿ ಬೆಳೆದವನಿಗೂ ಕೊಳ್ಳುವವನು ಬೇಕಲ್ಲ!

ಹೈದರಾಲಿಯು 1763ರಲ್ಲಿ ಬಿದನೂರನ್ನು ಗೆದ್ದೊಡನೆ ಅವನ ಕಣ್ಣು ಮಂಗಳೂರಿನ ಮೇಲೆ ಬಿದ್ದಿತು. ಒಳನಾಡಿನ ಅರಸನಿಗೆ ಮೊತ್ತಮೊದಲು ಕಡಲು ಸಿಕ್ಕಿದ ಸಂಭ್ರಮವದು. ಇಲ್ಲಿ ಅವನು ಹಡಗುಕಟ್ಟೆಯನ್ನೂ ಆಯುಧಶಾಲೆಯನ್ನೂ ಸ್ಥಾಪಿಸಿದನು. ಘಟ್ಟದ ತೇಗವು ಹೊಳೆಯಲ್ಲಿ ತೇಲಿಕೊಂಡು ಕೆಲಸದ ಬಳಿಗೇ ಬರಬಹುದಾಗಿದ್ದಿತು. ಆದರೆ 1780ರ ಡಿಸೆಂಬರಿನಲ್ಲಿ ಸರ್ ಎಡ್ವರ್ಡ್ ಹ್ಯೂಸ್ ಎಂಬ ಆಂಗ್ಲ ನೌಕಾಪತಿಯು ಮಂಗಳೂರಿನ ರೇವಿನಲ್ಲಿಯೇ ಅವನ ನೌಕಾಬಲವನ್ನು ಹಾಳುಗೆಡವಿದನು. ಟಿಪ್ಪುವಿನ ಕಾಲದಲ್ಲಿ ದೀರ್ಘವಾದ ಮುತ್ತಿಗೆ, 1784ರ ಜನವರಿಯಲ್ಲಿ ಕರ್ನಲ್ ಕ್ಯಾಂಬೆಲನ ಶರಣಾಗತಿ, ಅದೇ ವರ್ಷ ಮಾರ್ಚಿ 11ರಂದು ಮಂಗಳೂರಿನ ಒಪ್ಪಂದ — ಇವೆಲ್ಲ ಸರ್ವವಿದಿತವಾದ ಸಂಗತಿಗಳು. ಧಕ್ಕೆಯ ಚರಿತ್ರೆಗೆ ಬೇಕಾದುದು ಬೋಳೂರಿನ ಸುಲ್ತಾನ್ ಬತ್ತೇರಿ ಎಂಬ ಕರಿಗಲ್ಲಿನ ಕಾವಲುಗೋಪುರ. ಯುದ್ಧನೌಕೆಗಳು ಗುರುಪುರದ ಹೊಳೆಯೊಳಕ್ಕೆ ನುಗ್ಗದಂತೆ ಕಾಯಲು ಟಿಪ್ಪುವು ಅದನ್ನು ಕಟ್ಟಿಸಿದನು. ನೋಡಹೋದರೆ ಅಳಿವೆಯ ಮರಳು ಅದೇ ಕೆಲಸವನ್ನು ಅವನಿಗಿಂತ ಚೆನ್ನಾಗಿಯೇ ಮಾಡುತ್ತಿದ್ದಿತು. ಶತ್ರುವಿನ ಹಡಗನ್ನು ತಡೆಯುವ ದಿಬ್ಬವು ತನ್ನ ಹಡಗನ್ನೂ ತಡೆಯುವುದೆಂಬುದೇ ತೊಡಕು. ಮಂಗಳೂರು ಮಹಾನೌಕೆಗಳ ಊರಾಗಲಿಲ್ಲ. ದೋಣಿಗಳ ಊರಾಗಿಯೇ ಉಳಿಯಿತು.

1799ರಲ್ಲಿ ಕುಂಪಣಿಯವರ ಕೈಸೇರಿದ ಜಿಲ್ಲೆಯನ್ನು 1801ರಲ್ಲಿ ಸುತ್ತಿದ ಡಾಕ್ಟರ್ ಬುಕಾನನನು ಮಂಗಳೂರಿನ ರಫ್ತುಗಳಲ್ಲಿ ಅಗ್ರಸ್ಥಾನವನ್ನು ಅಕ್ಕಿಗೆ ಕೊಟ್ಟಿದ್ದಾನೆ. ಅಕ್ಕಿಯು ಮಸ್ಕತ್ತು, ಮುಂಬಯಿ, ಗೋವೆ, ಮಲೆಯಾಳಗಳಿಗೆ ಹೋಗುವುದು. ಅದರ ಹಿಂದೆ ಅಡಕೆ, ಮೆಣಸು, ಘಟ್ಟದ ಮೇಲಿನ ಶ್ರೀಗಂಧ, ಅರಸಿನ. ಈ ಅಕ್ಕಿಯು ಚೀಲಗಳಲ್ಲಿ ಹೋಗುತ್ತಿದ್ದಿಲ್ಲ. ಬೈಹುಲ್ಲಿನಿಂದ ಉಂಡೆಯಾಗಿ ಬಿಗಿದು ಕಟ್ಟಿದ ಮುಡಿಗಳಲ್ಲಿ ಹೋಗುತ್ತಿದ್ದಿತು. ಮುಡಿಗೆ ಮೂರು ಕಳಸೆ, ಎಂದರೆ 42 ಸೇರು. ಮುಡಿ ಕಟ್ಟುವುದೊಂದು ವಿದ್ಯೆ. ಚೆನ್ನಾಗಿ ಕಟ್ಟಿದ ಮುಡಿಯ ಒಳಗಿನ ಅಕ್ಕಿಗೆ ಥಂಡಿ ತಗಲದು, ಹುಳು ಬೀಳದು. ದೋಣಿಯ ಒಡಲಲ್ಲಿ ಒಂದರ ಮೇಲೊಂದು ಹೇರಿದರೂ ಒಡೆಯದು.

ಈ ಅಕ್ಕಿಯ ಪ್ರಸ್ತಾಪದಲ್ಲಿಯೇ ನಮ್ಮ ಜಿಲ್ಲೆಯವರೇ ಮರೆತಿರುವ ಒಂದು ಸಂಬಂಧವನ್ನು ಹೇಳಬೇಕಾಗಿದೆ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮೀನದೀವಿಗಳು 1787ರಲ್ಲಿ ಕಣ್ಣಾನೂರಿನ ಆಳಿಕೆಯನ್ನು ಬಿಟ್ಟು ಟಿಪ್ಪುವಿನ ಆಶ್ರಯಕ್ಕೆ ಬಂದವು. ಅವನ ಬಳಿಕ ಕುಂಪಣಿಗೆ ಸೇರಿ, 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು. ಅಲ್ಲಿ ತೆಂಗು ಉಂಟು, ಭತ್ತವಿಲ್ಲ. ತೆಂಗಿನ ನಾರಿನ ಹುರಿಯನ್ನು ಸರಕಾರದವರೇ ಏಕಸ್ವಾಮ್ಯದಿಂದ ಕೊಂಡು, ಬದಲಿಗೆ ಅಕ್ಕಿಯನ್ನು ಕೊಡುವ ಪದ್ಧತಿಯು ಬಹುಕಾಲ ನಡೆಯಿತು. ದ್ವೀಪದವರು ಹುರಿ, ಕೊಬ್ಬರಿ, ಬೆಲ್ಲ, ಒಣಗಿಸಿದ ಮಾಸ್ ಮೀನುಗಳನ್ನು ತಮ್ಮ ಓಡಗಳಲ್ಲಿ ಹೇರಿಕೊಂಡು ಧಕ್ಕೆಗೆ ಬರುವರು. ಮುಡಿಗಳನ್ನು ಹೇರಿಕೊಂಡು ಹಿಂದಿರುಗುವರು. ದರವನ್ನು ಕಟ್ಟುವವನೂ ಸರಕಾರ, ತೂಗುವವನೂ ಸರಕಾರ. ಬೇರೆಡೆ ಮಾರುವ ಸ್ವಾತಂತ್ರ್ಯವಿಲ್ಲ. ಇಂಥ ವ್ಯಾಪಾರದಲ್ಲಿ ಯಾರ ತಕ್ಕಡಿಯು ಯಾವ ಕಡೆಗೆ ತೂಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಕ್ಕೆಯ ವೈಭವವನ್ನು ಕೊಂಡಾಡುವಾಗ ಈ ಲೆಕ್ಕವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಧಕ್ಕೆಗೆ ಎರಡು ಹೊಸ ಸರಕುಗಳು ಬಂದವು. ಒಂದು ಘಟ್ಟದ ಮೇಲಿನಿಂದ ಇಳಿದುಬಂದ ಕಾಫಿ. ಇನ್ನೊಂದು ಹೊಳೆಯ ತಳದಿಂದ ಎದ್ದುಬಂದ ಹಂಚು. ಚಿಕ್ಕಮಗಳೂರು, ಕೊಡಗುಗಳ ಕಾಫಿಯು ಚಾರ್ಮಾಡಿ, ಸಂಪಾಜೆ ಮೊದಲಾದ ಘಟ್ಟದ ದಾರಿಗಳಲ್ಲಿ ಎತ್ತಿನಗಾಡಿಗಳ ಮೇಲೆ ಕೆಳಗಿಳಿಯುವುದು. ಬಂಟವಾಳದಲ್ಲಿ ದೋಣಿಗೇರಿದರೆ ನೇತ್ರಾವತಿಯೇ ಅದನ್ನು ಮಂಗಳೂರಿಗೆ ಮುಟ್ಟಿಸುವುದು. ಇಲ್ಲಿಯ ಕಾರಖಾನೆಗಳಲ್ಲಿ ಸಿಪ್ಪೆ ತೆಗೆದು ಹಸನುಮಾಡಿ ವಿಲಾಯತಿಗೆ ಕಳುಹಿಸುವರು. ಬಂಟವಾಳವು ಆ ಕಾಲದಲ್ಲಿ ಪಡೆದಿದ್ದ ಸಂಪತ್ತು ಈ ಹೊಳೆಯ ದಾರಿಯ ಸಂಪತ್ತು. ಹಂಚಿನ ಕಥೆಯು ಎಲ್ಲರೂ ಬಲ್ಲದ್ದು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನಿನವರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರಖಾನೆಯನ್ನು ತೆರೆದರು. ಹೊಳೆದಡದ ಜೇಡಿಮಣ್ಣು, ಹೊಳೆಯಲ್ಲಿಯೇ ಬರುವ ಸೌದೆ, ಹೊಳೆಯಲ್ಲಿಯೇ ಹೊರಡುವ ಹಂಚು — ಮೂರೂ ಒಂದೇ ನೀರಿನ ಮೇಲೆ. ಕೆಲವೇ ದಶಕಗಳಲ್ಲಿ ಬೋಳಾರ, ಹೊಯಿಗೆಬಜಾರಗಳ ಹೊಳೆಯಂಚಿನಲ್ಲಿ ದೇಶೀಯರ ಕಾರಖಾನೆಗಳ ಹೊಗೆಗೂಡುಗಳು ಸಾಲಾಗಿ ಎದ್ದವು. ಮುಂಬಯಿ, ಏಡನ್, ಬಸ್ರಾ, ಪೂರ್ವ ಆಫ್ರಿಕೆಗಳಲ್ಲಿ ಮನೆಗಳ ಮಾಡು ಕೆಂಪಾಯಿತು.

ಆಗಬೋಟುಗಳ ಕಾಲವೂ ಇದೇ. ಆದರೆ ಆಗಬೋಟು ಅಳಿವೆಯನ್ನು ದಾಟಲಾರದು. ಹೊರಗೆ, ದಡದಿಂದ ದೂರ, ತೆರೆದ ಕಡಲಿನಲ್ಲಿ ಲಂಗರು ಹಾಕಿ ನಿಲ್ಲುವುದು. ಧಕ್ಕೆಯಿಂದ ಅಲ್ಲಿಯವರೆಗೆ ಒಂದೊಂದು ಚೀಲವೂ, ಒಂದೊಂದು ಹಂಚೂ, ಒಬ್ಬೊಬ್ಬ ಪ್ರಯಾಣಿಕನೂ ದೋಣಿಯಲ್ಲಿಯೇ ಹೋಗಬೇಕು. ನಾನು ಮೇಲೆ ಹೇಳಿದ ಕೊರತೆಯು ಜೀವನಾಧಾರವಾದುದು ಇಲ್ಲಿ. ಗೋದಾಮಿನಿಂದ ಧಕ್ಕೆಗೆ ತಲೆಯ ಮೇಲೆ ಹೊರುವವರು ಕೆಲವರು. ಧಕ್ಕೆಯಿಂದ ದೋಣಿಗೆ ಹಲಗೆಯ ಮೇಲೆ ನಡೆದು ಇಳಿಸುವವರು ಬೇರೆ. ದೋಣಿಯಲ್ಲಿ ಸಾಲುಸಾಲಾಗಿ ಜೋಡಿಸುವವರು ಬೇರೆ. ಹಂಚನ್ನು ಬೈಹುಲ್ಲಿನ ನಡುವೆ ನಿಲ್ಲಿಸಿ ಜೋಡಿಸುವುದು ಅನುಭವಸ್ಥರಿಗೇ ಸಾಧ್ಯ. ಭರತವನ್ನು ಕಾದು, ತಂಡೇಲನು ಅಳಿವೆಯ ತೆರೆಯನ್ನು ದಿಟ್ಟಿಸಿ ನೋಡಿ, ಎರಡು ತೆರೆಗಳ ನಡುವಿನ ಬಿಡುವಿನಲ್ಲಿ ದೋಣಿಯನ್ನು ಹೊರಕ್ಕೆ ಬಿಡುವನು. ಅಲ್ಲಿ ಹಡಗಿನ ಪಕ್ಕೆಗೆ ದೋಣಿಯನ್ನು ತಂದು, ಏಳುತ್ತ ಬೀಳುತ್ತ ಇರುವ ನೀರಿನ ಮೇಲೆ ನಿಂತು ಸರಕನ್ನು ಕೊಕ್ಕೆಗೆ ಸಿಕ್ಕಿಸಬೇಕು. ಗಾಳಿಯು ತಿರುಗಿದರೆ ತುಂಬಿದ ದೋಣಿಯು ಹಾಗೆಯೇ ಹಿಂದಿರುಗಬೇಕು. ಒಂದೇ ಸರಕನ್ನು ಎಷ್ಟು ಕೈಗಳು ಮುಟ್ಟುವುವು! ವರ್ತಕನಿಗೆ ಇದು ವೆಚ್ಚ. ಕೈಗಳಿಗೆ ಇದು ಕೂಲಿ. ಮಂಗಳೂರಿನ ಹಂಚು ಬಸ್ರಾದಲ್ಲಿ ಮಾರಿದ ಬೆಲೆಯಲ್ಲಿ ಒಂದಂಶವು ಅಳಿವೆಯ ಮರಳು ವಿಧಿಸಿದ ತೆರಿಗೆ. ಆ ತೆರಿಗೆಯು ಬೆಂಗ್ರೆಯ ಗುಡಿಸಲುಗಳಲ್ಲಿ ಗಂಜಿಯಾಗಿ ಬೇಯುತ್ತಿದ್ದಿತು.

ನನ್ನ ಅಜ್ಜನವರು ಬಂದರಿನ ಒಂದು ಮಂಡಿಯಲ್ಲಿ ಗುಮಾಸ್ತೆಯಾಗಿದ್ದರು. ದೋಣಿಗಿಳಿಯುವ ಮುಡಿಗಳನ್ನು ಎಣಿಸುವಾಗ ಮೊದಲನೆಯದನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರಂತೆ. ಮುದುಕರಾದ ಮೇಲೂ ಅವರು ಮನೆಯಲ್ಲಿ ತೆಂಗಿನಕಾಯಿಗಳನ್ನು ಎಣಿಸುವಾಗ ಅದೇ ರಾಗದಲ್ಲಿ ‘ಲಾಭ’ದಿಂದಲೇ ಮೊದಲುಮಾಡುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಅವರ ಮಾತಿನಂತೆ ಬಂದರಿನವರಿಗೆ ವರ್ಷವೆಂದರೆ ಎಂಟು ತಿಂಗಳು. ಪತ್ತನಾಜೆಯೊಳಗೆ ಕೊನೆಯ ದೋಣಿಯನ್ನು ದಡಕ್ಕೆಳೆದು ಮಡಲು ಮುಚ್ಚಬೇಕು. ಅಲ್ಲಿಂದ ಮುಂದೆ ಮಳೆ, ಮುಚ್ಚಿದ ಅಳಿವೆ, ಸಾಲ. ಖಲಾಸಿಯು ಮಂಡಿಯ ಧಣಿಯಿಂದ ಮುಂಗಡವನ್ನು ಪಡೆದು ನಾಲ್ಕು ತಿಂಗಳನ್ನು ಕಳೆಯುವನು. ಬಳಿಕ ಎಂಟು ತಿಂಗಳು ಅದನ್ನು ತೀರಿಸುವನು. ನೂಲಹುಣ್ಣಿಮೆಯ ಸುಮಾರಿಗೆ ಮೊಗವೀರರು ಹಾಲು ತೆಂಗಿನಕಾಯಿಗಳಿಂದ ಸಮುದ್ರರಾಜನನ್ನು ಪೂಜಿಸಿದ ಮೇಲೆ ಕಡಲು ಮೆಲ್ಲಗೆ ತೆರೆದುಕೊಳ್ಳುವುದು. ಗೋಳಿಕಟ್ಟೆ ಬಜಾರಿನಲ್ಲಿ, ನೆಲ್ಲಿಕಾಯಿ ರಸ್ತೆಯಲ್ಲಿ ಬೀಗಗಳು ಕಳಚುವುವು. ಎತ್ತಿನಗಾಡಿಗಳು ಧಕ್ಕೆಯವರೆಗೂ ಸಾಲುಗಟ್ಟುವುವು. ಒಣಮೀನು, ಮೆಣಸು, ಹಸಿಗೋಣಿ, ಡಾಮರುಗಳ ಬೆರಕೆಯ ವಾಸನೆಯೊಂದು ಬಂದರಿಗೆ ಇದ್ದಿತಂತೆ. ಅದನ್ನು ಅಜ್ಜನವರು ದುರ್ನಾತವೆಂದು ಒಮ್ಮೆಯೂ ಹೇಳಿದವರಲ್ಲ.

ಇಂತಹ ಬಂದರಿಗೆ 1907ರಲ್ಲಿ ಉಗಿಬಂಡಿಯು ಬಂದಿತು. ನೇತ್ರಾವತಿಗೆ ಸೇತುವೆಯಾಗಿ ಮಂಗಳೂರು ಮಲೆಯಾಳದ ಮಾರ್ಗವಾಗಿ ಮದರಾಸಿಗೆ ಸೇರಿತು. ರೈಲು ಬಂದೊಡನೆ ಧಕ್ಕೆಯು ಸೊರಗಿತೆಂದು ಕೆಲವರು ಬರೆಯುವುದುಂಟು. ಅದು ಸರಿಯೆಂದು ನನಗೆ ತೋರುವುದಿಲ್ಲ. ಹಂಚಿನಂತಹ ಭಾರದ ಸರಕಿಗೆ ಕಡಲೇ ಅಗ್ಗ. ಘಟ್ಟದ ಮೇಲಿನ ಸರಕಿಗೆ ರೈಲು ಬರಲೇ ಇಲ್ಲ — ಹಾಸನದಿಂದ ಮಂಗಳೂರಿಗೆ ಹಳಿಯು ಪೂರ್ತಿಯಾದುದು 1979ರಲ್ಲಿ. 1920ರ ದಶಕದಲ್ಲಿ ಗೇರುಬೀಜದ ಕಾರಖಾನೆಗಳು ತಲೆಯೆತ್ತಿ ಧಕ್ಕೆಗೆ ಇನ್ನೊಂದು ಸರಕನ್ನೂ ಕೊಟ್ಟವು. 1923ರ ಮಹಾನೆರೆಯು ನೇತ್ರಾವತಿಯ ದಡದ ಪೇಟೆಗಳನ್ನು ಮುಳುಗಿಸಿದುದು ದೊಡ್ಡ ಆಘಾತವೇ ಆದರೂ ಊರು ಅದರಿಂದಲೂ ಚೇತರಿಸಿಕೊಂಡಿತು. ಹೊಳೆಯ ದಾರಿಯನ್ನು ನಿಜವಾಗಿ ಬರಿದುಮಾಡಿದುದು ಮೋಟಾರು ಲಾರಿ. ಬಂಟವಾಳದ ದೋಣಿಗಳಿಗೆ ಕೆಲಸ ತಪ್ಪಿದುದು ಅದರಿಂದ.

ಧಕ್ಕೆಯ ಭವಿಷ್ಯವು ನಿರ್ಣಯವಾದುದು, ನನ್ನ ಅಭಿಪ್ರಾಯದಲ್ಲಿ, ಮಂಗಳೂರಿನಲ್ಲಿಯೇ ಅಲ್ಲ, ಕೊಚ್ಚಿಯಲ್ಲಿ. ಕೊಚ್ಚಿಯೂ ನಮ್ಮಂತೆಯೇ ಒಳಗೆ ವಿಶಾಲವಾದ ಹಿನ್ನೀರು, ಬಾಯಲ್ಲಿ ಅಡ್ಡದಿಬ್ಬ ಇದ್ದ ರೇವು. ಅಲ್ಲಿಯೂ ಹಡಗುಗಳು ಹೊರಗೆಯೇ ನಿಲ್ಲುತ್ತಿದ್ದವು. 1920ರಲ್ಲಿ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರರು ಬಂದು, ಅಡ್ಡದಿಬ್ಬವನ್ನು ಯಂತ್ರಗಳಿಂದ ಕಡಿಸಿ ಆಳವಾದ ಕಾಲುವೆಯನ್ನು ತೆಗೆಯಿಸಿದರು. 1928ರ ಮೇ ತಿಂಗಳಲ್ಲಿ ಆಗಬೋಟು ಒಳರೇವನ್ನು ಹೊಕ್ಕಿತು. 1936ರಲ್ಲಿ ಕೊಚ್ಚಿಯು ಮಹಾಬಂದರುಗಳ ಪಂಕ್ತಿಯಲ್ಲಿ ಸೇರಿತು. ಬಡಗಣದಲ್ಲಿ ಅದಕ್ಕೂ ಮೊದಲೇ, 1880ರ ದಶಕದಲ್ಲಿ, ಮುರಗಾವಿಗೆ ರೈಲು ಬಂದು ಧಾರವಾಡದ ಹತ್ತಿಯನ್ನು ಕುಮಟೆಯಿಂದ ಸೆಳೆದುಕೊಂಡಿದ್ದಿತು. ಈ ಎರಡರ ನಡುವೆ ಮಂಗಳೂರು ತನ್ನ ಹಳೆಯ ಅಳಿವೆಯೊಡನೆ ಉಳಿಯಿತು. ಮದರಾಸು ಸರಕಾರಕ್ಕೆ ದಕ್ಷಿಣ ಕನ್ನಡವು ದೂರದ ಮೂಲೆ. ಘಟ್ಟದ ಮೇಲಿನ ಮೈಸೂರಿನವರಿಗೆ ಮಂಗಳೂರು ಅನ್ಯರಾಜ್ಯ, ಅವರು ಭಟ್ಕಳದತ್ತ ಕಣ್ಣಿಟ್ಟಿದ್ದರು. ಸರಕು ಮೈಸೂರಿನದು, ರೇವು ಮದರಾಸಿನದು. ಅಳಿವೆಗೆ ಹಣ ಸುರಿಯುವವರು ಯಾರು? ಹೊಳೆಯಾದರೋ ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಕಾಫಿಗೂ ಸೌದೆಗೂ ಮರಮುಟ್ಟಿಗೂ ಕಾಡು ಕಡಿದ ಇಳಿಜಾರಿನಿಂದ ಮಳೆಯು ಮಣ್ಣನ್ನು ಹೊಳೆಗೆ ಇಳಿಸುವುದು ಸಹಜ. ಸರಕನ್ನು ತಂದುಕೊಟ್ಟ ನೀರೇ ಹೂಳನ್ನೂ ತಂದಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೂರು ಸಂಗತಿಗಳು ಒಂದೇ ದಿನ ನಡೆದವು. ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಅಮೀನದೀವಿಗಳು ಜಿಲ್ಲೆಯಿಂದ ಕಳಚಿ ಕೇಂದ್ರಾಡಳಿತಕ್ಕೆ ಒಳಪಟ್ಟವು. ದ್ವೀಪಗಳ ಕಚೇರಿಯು ಕಲ್ಲಿಕೋಟೆಯಲ್ಲಿ ಕೂತುದರಿಂದ ವ್ಯಾಪಾರದ ಒಂದು ಪಾಲು ಆ ಕಡೆಗೆ ತಿರುಗಿತು. ಆದರೆ ಮೊದಲ ಸಂಗತಿಯಿಂದ ಮಂಗಳೂರಿಗೆ ಬೇರೊಂದು ಬಾಗಿಲು ತೆರೆಯಿತು. ಘಟ್ಟದ ಮೇಲಿನ ನಾಡಿಗೆ ಈಗ ತನ್ನದೇ ಆದ ಕಡಲು ಬೇಕಾಗಿದ್ದಿತು. ಲೋಕಸಭೆಯ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಸರ್ವಋತು ಬಂದರಿಗಾಗಿ ಪಟ್ಟ ಶ್ರಮವನ್ನು ಜಿಲ್ಲೆಯು ಮರೆಯಲಾರದು. ಅದು ಪೂರ್ತಿಯಾದುದನ್ನು ನೋಡುವ ಭಾಗ್ಯವು 1965ರಲ್ಲಿ ತೀರಿಕೊಂಡ ಅವರಿಗೆ ಇರಲಿಲ್ಲ. ಎಂಜಿನಿಯರರು ಅಳಿವೆಯೊಡನೆ ಹೋರಾಡುವ ಗೋಜಿಗೆ ಹೋಗಲಿಲ್ಲ. ನಗರದಿಂದ ಸುಮಾರು 10 ಕಿಲೋಮೀಟರ್ ಬಡಗಣಕ್ಕೆ, ಹೊಳೆಯ ಬಾಯಿಯೇ ಇಲ್ಲದ ಪಣಂಬೂರಿನ ಮರಳುದಡವನ್ನು ಅಗೆದು, ಹೊಸದಾಗಿ ಒಂದು ಕೊಳವನ್ನೇ ನಿರ್ಮಿಸಿದರು. 1962ರಲ್ಲಿ ಕೆಲಸವು ಮೊದಲಾಯಿತು; 1974ರ ಮೇ 4ರಂದು ಅದನ್ನು ದೇಶದ ಒಂಬತ್ತನೆಯ ಮಹಾಬಂದರೆಂದು ಸಾರಿದರು; 1975ರ ಜನವರಿ 11ರಂದು ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಅಲ್ಲಿಂದೆದ್ದ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಒಲೆ ಹೂಡಿದವು. ಅವರ ತ್ಯಾಗವನ್ನು ಕುರಿತು ಭಾಷಣಗಳಾದಷ್ಟು, ಅವರ ತೆಂಗು ಗದ್ದೆಗಳನ್ನು ಕುರಿತು ಬರೆದವರಿಲ್ಲ.

ಹೊಸ ಬಂದರಿನಲ್ಲಿ ಹಡಗು ಕಟ್ಟೆಗೇ ಬಂದು ಒರಗುವುದು. ಮಳೆಗಾಲದಲ್ಲಿಯೂ ಕೆಲಸ ನಿಲ್ಲದು. ಕುದುರೆಮುಖದ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ನೀರಿನೊಡನೆ ಹರಿದು ಪಣಂಬೂರಿಗೆ ಬಂದ ಕಾಲವೊಂದಿದ್ದಿತು. 2005ರ ಕೊನೆಗೆ ಆ ಗಣಿಯೂ ನಿಂತಿತು. ಕೊಳವೆಯಲ್ಲಿ ಬರುವ ಸರಕಿಗೆ ಹಮಾಲಿಯು ಬೇಕೆ, ತಂಡೇಲನು ಬೇಕೆ, ‘ಲಾಭ’ವೆಂದು ಎಣಿಸುವ ಗುಮಾಸ್ತೆಯು ಬೇಕೆ? ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಅಳಿವೆಯಲ್ಲಿ ಮುಳುಗಿದ ದೋಣಿಗಳನ್ನೂ, ಮುಂಗಡದ ಸಾಲದಲ್ಲಿ ಹುಟ್ಟಿ ಸಾಲದಲ್ಲಿಯೇ ಕಣ್ಣುಮುಚ್ಚಿದ ಖಲಾಸಿಗಳನ್ನೂ ನೆನೆದರೆ ಹಳೆಯದೆಲ್ಲವೂ ಹೊನ್ನೆಂದು ಹಾಡಲು ಮನಸ್ಸು ಬರುವುದಿಲ್ಲ. ಆದರೆ ನೂರೈವತ್ತು ವರ್ಷಗಳ ಕಾಲ ‘ಅಳಿವೆ ಸರಿಯಿಲ್ಲ, ಅಳಿವೆ ಸರಿಯಿಲ್ಲ’ ಎಂದು ಮೊರೆಯಿಟ್ಟ ಊರಿಗೆ, ಕೊನೆಗೆ ಅಳಿವೆಯನ್ನು ಸರಿಪಡಿಸಿ ಕೊಡದೆ, ಅಳಿವೆಯನ್ನೇ ಬಿಟ್ಟುಬಿಡುವ ಬಂದರನ್ನು ಕೊಟ್ಟರೆಂಬುದು ಗಮನಾರ್ಹ. ಊರಿಗೆ ಬಂದರು ದೊರೆಯಿತು. ಬಂದರಿನ ಕೇರಿಗೆ ದೊರೆಯಲಿಲ್ಲ.

ಹಾಗೆಂದು ಧಕ್ಕೆಯು ಸತ್ತಿದೆಯೆಂದು ಯಾರೂ ತಿಳಿಯಬಾರದು. 1970ರ ದಶಕದಿಂದ ಯಾಂತ್ರಿಕ ದೋಣಿಗಳು ಹೆಚ್ಚಿ, ತೆಂಕಣ ಧಕ್ಕೆಯು ಮೀನುಗಾರಿಕೆಯ ರೇವಾಗಿ ಬೆಳೆಯಿತು. ನಸುಕಿನಲ್ಲಿ ಅಲ್ಲಿ ಕಾಲಿಡಲೂ ಎಡೆಯಿರುವುದಿಲ್ಲ. ಹಂಚಿನ ಕಾರಖಾನೆಗಳು ಸಿಮೆಂಟಿನ ಚಾವಣಿಯ ಮುಂದೆ ಸೋತು ಒಂದೊಂದಾಗಿ ಒಲೆಯಾರಿಸಿದವು. ಅವುಗಳ ಹೊಗೆಗೂಡುಗಳಲ್ಲಿ ಉಳಿದವು ಕೆಲವೇ. ಹೊಳೆಗೆ ಮುಖಮಾಡಿದ ಹಳೆಯ ಗೋದಾಮುಗಳ ದಪ್ಪ ಮುರಕಲ್ಲಿನ ಗೋಡೆ, ಅಗಲವಾದ ಕದ, ಎತ್ತರದ ಹಂಚಿನ ಮಾಡುಗಳನ್ನು ಇಂದಿಗೂ ಅಲ್ಲಲ್ಲಿ ನೋಡಬಹುದು. ಅವುಗಳ ಲೆಕ್ಕದ ಪುಸ್ತಕಗಳು ಯಾರ ಯಾರ ಅಟ್ಟದಲ್ಲಿವೆಯೋ, ಅವರು ಅವನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ನಮ್ಮ ಸಂಘದವರಿಗೆ ತೋರಿಸಿದರೆ ಉಪಕಾರವಾಗುವುದು. ಕೈರೋವಿನ ಕೊಠಡಿಯು ನಮ್ಮಲ್ಲಿಲ್ಲ.

ದ್ವೀಪದ ಸಂಬಂಧವೂ ಪೂರ್ತಿಯಾಗಿ ಹರಿದಿಲ್ಲ. ಕಳೆದ ವರ್ಷ ಪತ್ತನಾಜೆಗೆ ಎರಡು ವಾರ ಮುಂಚೆ ನಾನು ಧಕ್ಕೆಗೆ ಹೋದಾಗ ಲಕ್ಷದ್ವೀಪಕ್ಕೆ ಹೊರಡುವ ಮಂಜಿಯೊಂದಕ್ಕೆ ಸರಕು ಹೇರುತ್ತಿದ್ದರು. ಹಾಯಿಯ ಬದಲು ಯಂತ್ರ. ಮುಡಿಯ ಬದಲು ಪ್ಲಾಸ್ಟಿಕ್ ಚೀಲದ ಅಕ್ಕಿ. ಅದರ ಮೇಲೆ ಈರುಳ್ಳಿ, ಸಿಮೆಂಟು, ಕಬ್ಬಿಣದ ಸರಳು. ಚೀಲಗಳು ಮಾತ್ರ ಹಲಗೆಯ ಮೇಲೆ, ತಲೆಯ ಮೇಲೆಯೇ ಇಳಿಯುತ್ತಿದ್ದವು. ಮಳೆಗೆ ಮೊದಲು ಇನ್ನೊಂದು ಸಲ ಬರುವಿರೋ ಎಂದು ಕೇಳಿದೆನು. ತಂಡೇಲನು ಉತ್ತರ ಕೊಡದೆ ಬೆಂಗ್ರೆಯ ತುದಿಯನ್ನು, ಅಳಿವೆಯ ಮೇಲೆ ಒಡೆಯುತ್ತಿದ್ದ ಬಿಳಿಯ ತೆರೆಯನ್ನು, ಸ್ವಲ್ಪ ಹೊತ್ತು ನೋಡಿದನು. ಬಳಿಕ ಭರತಕ್ಕೆ ಇನ್ನೂ ಒಂದು ತಾಸಿದೆಯೆಂದು ಹೇಳಿ, ಹಗ್ಗವನ್ನು ಇನ್ನೊಂದು ಸುತ್ತು ಬಿಗಿದನು.